ಪಾದ್ರಿಯ ಜೋಳಿಗೆಯಲ್ಲಿ ಸರ್ವಜ್ಞ

2025ರಲ್ಲಿ ಪಂಚಾಂಗ ಒಂದು ಆಟ ಆಡಿತು. ಫೆಬ್ರುವರಿ 26ಕ್ಕೆ ಶಿವರಾತ್ರಿ, ಮಾರ್ಚ್ 2ಕ್ಕೆ ರಂಜಾನಿನ ಮೊದಲ ರೋಜಾ, ಮಾರ್ಚ್ 5ಕ್ಕೆ ಕ್ರೈಸ್ತರ ಬೂದಿ ಬುಧವಾರ. ಎಂಟು ದಿನದೊಳಗೆ ಮೂರು ಧರ್ಮದವರು ಉಪವಾಸಕ್ಕೆ ಕೂತರು. ನವಾಬರ ಊರಾದ ಸವಣೂರಿನಲ್ಲಿ, ಶಿಗ್ಗಾಂವಿ, ಹಾನಗಲ್ಲಿನ ಪ್ಯಾಟಿಯಲ್ಲಿ ಆ ವಾರ ಬಾಳೆಹಣ್ಣಿನವರಿಗೆ, ಖರ್ಜೂರದವರಿಗೆ ಪುರಸೊತ್ತು ಇದ್ದಿರಲಿಕ್ಕಿಲ್ಲ ಬಿಡ್ರಿ. ನಾನು ಮಾತ್ರ ಆ ದಿನಗಳಲ್ಲಿ ಒಂದು ಹಳೆಯ ಪುಸ್ತಕ ತೆಗೆದುಕೊಂಡು ಕೂತಿದ್ದೆ. ಉತ್ತಂಗಿ ಚನ್ನಪ್ಪನವರು ಊರೂರು ಅಲೆದು ಕೂಡಿಸಿ 1924ರಲ್ಲಿ ಹೊರತಂದ ಸರ್ವಜ್ಞನ ವಚನಗಳು.

ಈ ಪುಸ್ತಕವನ್ನು ನಾವು ಇಷ್ಟು ದಿನ ಸಾಹಿತ್ಯದ ಕಪಾಟಿನಲ್ಲಿ ಇಟ್ಟಿದ್ದೇವೆ. ಸಂಶೋಧನೆ, ಪಾಠಾಂತರ, ಕವಿಯ ಕಾಲ ಅಂತ ಮಾತಾಡುತ್ತೇವೆ. ಸಂಪಾದಕರ ಹೆಸರಿನ ಹಿಂದೆ 'ರೆವರೆಂಡ್' ಅನ್ನೋ ಪದ ಇರುವುದನ್ನು ಪದವಿಯ ಹಾಗೆ ಓದಿ ಮುಂದಕ್ಕೆ ಹೋಗಿಬಿಡುತ್ತೇವೆ. ನನ್ನ ಮಟ್ಟಿಗೆ ಆ ಪದವೇ ಪುಸ್ತಕದ ಕೀಲಿಕೈ. ಇದು ಒಬ್ಬ ಸಭಾಪಾಲಕನ ಪುಸ್ತಕ. ಅದರಲ್ಲೂ ಲೆಂಟ್ ಕಾಲದಲ್ಲಿ ಓದಬೇಕಾದ ಪುಸ್ತಕ. ನಾನು ಆ ಸಭೆಯವನಲ್ಲ, ಹಿರೇಕೆರೂರು ತಾಲೂಕಿನವನು, ಅಷ್ಟೇ. ಆದರೆ ಸರ್ವಜ್ಞ ನಮ್ಮ ಸೀಮೆಯ ಅಬಲೂರು, ಮಾಸೂರಿನ ಕಡೆಯವನು ಅಂತ ಜನ ನಂಬುವುದರಿಂದ ಒಂದೆರಡು ಮಾತು ಹೇಳುವ ಹಕ್ಕು ನನಗೂ ಇದೆ ಅಂದುಕೊಂಡಿದ್ದೇನೆ.

ಮೊದಲು ಈ ಪಾದ್ರಿಯ ಬಗ್ಗೆ. ಬಾಸೆಲ್ ಮಿಷನ್ ಅನ್ನುವುದು 1815ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಹುಟ್ಟಿದ್ದು. ಅಲ್ಲಿಂದ ಬಂದವರಲ್ಲಿ ಬಹಳ ಮಂದಿ ಜರ್ಮನಿಯ ವುರ್ಟೆಂಬರ್ಗಿನ ಲೂಥರನ್ ಮನೆತನದವರು. 1834ರಲ್ಲಿ ಮಂಗಳೂರಿಗೆ ಬಂದಿಳಿದು, 1837ರ ಹೊತ್ತಿಗೆ ಧಾರವಾಡ ಮುಟ್ಟಿದರು. ಆ ಸಭೆಯಲ್ಲಿ ಬೆಳೆದ ಮನೆತನದಲ್ಲಿ 1881ರಲ್ಲಿ ಚನ್ನಪ್ಪನವರು ಹುಟ್ಟಿದರು. ಮಂಗಳೂರಿನಲ್ಲಿ ದೇವಜ್ಞಾನ ಓದಿ ಸಭಾಪಾಲಕರಾದರು. 1949ರಲ್ಲಿ ಕಲಬುರ್ಗಿ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, 1962ರಲ್ಲಿ ತೀರಿಕೊಂಡರು. 'ತಿರುಳ್ಗನ್ನಡದ ತಿರುಕ' ಅಂತ ಕರೆಸಿಕೊಂಡವರು. ತಿರುಕ ಅಂದರೆ ಭಿಕ್ಷೆಯವ. ಪಾದ್ರಿ ಅಂದ ಮೇಲೆ ಕೊಡುವವ ಅಂತ ತಾನೇ ನಮ್ಮ ತಲೆಯಲ್ಲಿರುವುದು? ಸುವಾರ್ತೆ ಕೊಡುವವ, ಪುಸ್ತಕ ಹಂಚುವವ, ಉಪದೇಶ ಹೇಳುವವ. ಈ ಮನುಷ್ಯ ಬೇಡಲಿಕ್ಕೆ ಹೊರಟ. 'ನಿಮ್ಮಲ್ಲಿ ಏನೈತಿ ಹೇಳ್ರಿ, ಬರಕೊಳ್ತೀನಿ' ಅನ್ನುವ ಪಾದ್ರಿ.

ಇದೇ ಮಿಷನ್ನಿನ ಕಿಟೆಲ್ ಸಾಹೇಬರನ್ನು ಪಕ್ಕಕ್ಕೆ ಇಟ್ಟು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ. ಕಿಟೆಲ್ ಲೂಥರನ್ ಪಾದ್ರಿಯ ಮಗ. 1894ರ ನಿಘಂಟಿನಿಂದ ನಮಗೆಲ್ಲ ಗೊತ್ತು. ಅದಕ್ಕೂ ಮೊದಲು, 1862ರಲ್ಲಿ, ಯೇಸುವಿನ ಕಥೆಯನ್ನು ನಮ್ಮ ಛಂದಸ್ಸಿಗೆ ಕೂಡಿಸಿ 'ಕಥಾಮಾಲೆ' ಬರೆದರು. ದೊಡ್ಡ ಕೆಲಸ, ಪ್ರೀತಿಯ ಕೆಲಸ, ಅನುಮಾನ ಬೇಡ. ಆದರೂ ಅಲ್ಲಿ ಕೊಡ ನಮ್ಮದು, ನೀರು ಅವರದು. ಉತ್ತಂಗಿಯವರ ಸರ್ವಜ್ಞನಲ್ಲಿ ಕೊಡವೂ ನಮ್ಮದೇ, ನೀರೂ ನಮ್ಮದೇ. ಗುರುವನ್ನು, ಲಿಂಗವನ್ನು, ಶಿವನನ್ನು ಕೊಂಡಾಡುವ ತ್ರಿಪದಿಗಳು ಇದ್ದ ಹಾಗೇ ಅಚ್ಚಾದವು. ಹಳಕಟ್ಟಿಯವರ 'ವಚನಶಾಸ್ತ್ರಸಾರ'ದ ಮೊದಲ ಭಾಗ ಬಂದದ್ದು 1923ರಲ್ಲಿ, ಇದು ಬಂದದ್ದು ಮರುವರ್ಷ. ಒಬ್ಬ ಲಿಂಗಾಯತ ವಕೀಲರು, ಒಬ್ಬ ಕ್ರೈಸ್ತ ಪಾದ್ರಿ, ಇಬ್ಬರೂ ಅದೇ ಮಣ್ಣು ಅಗೆಯುತ್ತಿದ್ದರು.

ಲೆಂಟ್ ಅಂದರೆ ಬಿಡುವ ಕಾಲ. ಈಸ್ಟರಿಗೆ ಮುಂಚಿನ 40 ದಿನ. ಕ್ಯಾಲೆಂಡರಿನಲ್ಲಿ ಎಣಿಸಿದರೆ 46 ಬರುತ್ತದೆ, ಯಾಕೆಂದರೆ ಭಾನುವಾರ ಉಪವಾಸದ ಲೆಕ್ಕಕ್ಕೆ ಬರೋದಿಲ್ಲ. ಕೆಲವರು ಮಾಂಸ ಬಿಡುತ್ತಾರೆ, ಕೆಲವರು ಚಹಾ, ಈಚೆಗೆ ಮೊಬೈಲು. ಪಾದ್ರಿಯಾದವನು ಬಿಡಲಿಕ್ಕೆ ಏನಿದೆ? ಕೊನೆಯ ಮಾತು ತನ್ನದೇ ಆಗಬೇಕು ಅನ್ನುವ ಹಕ್ಕು. ಪೀಠದ ಮೇಲೆ ನಿಂತು ಮಾತಾಡುವವನಿಗೆ ಇದಕ್ಕಿಂತ ಕಷ್ಟದ ಉಪವಾಸ ಇನ್ನೊಂದಿಲ್ಲ. ಇನ್ನೊಬ್ಬನ ಪದ್ಯ ಅಚ್ಚು ಹಾಕಿ, ಆ ಪದ್ಯಕ್ಕೇ ಕೊನೆಯ ಮಾತು ಬಿಟ್ಟುಕೊಡುವುದನ್ನು ನಾನು ಹಾಗೆ ಓದುತ್ತೇನೆ.

ಈಗ ಪದ್ಯಕ್ಕೆ ಬರೋಣ. ಅನ್ನದ ಬಗ್ಗೆ ಸರ್ವಜ್ಞನ ಒಂದು ತ್ರಿಪದಿ ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಅನ್ನ ಇಕ್ಕು, ನಿಜ ನುಡಿ, ಪರರನ್ನು ನಿನ್ನ ಹಾಗೆ ಬಗೆ ಅಂತ ಅದರ ತಾತ್ಪರ್ಯ. ಮೂರನೆಯ ಮಾತು ಕೇಳಿದ ಕೂಡಲೇ ಕ್ರೈಸ್ತರಿಗೆ ನೆರೆಯವನ ಬಗೆಗಿನ ಆಜ್ಞೆ ನೆನಪಾಗುತ್ತದೆ, 'ನೋಡ್ರಿ, ಎರಡೂ ಒಂದೇ' ಅಂದು ಸಮಾಧಾನ ಪಡುತ್ತಾರೆ. ಇಂಥ ಹೋಲಿಕೆ ನನಗೆ ಬೇಸರ ತರಿಸುತ್ತದೆ. ಒಂದೇ ಅಂದ ಮೇಲೆ ಓದುವುದೇ ಮುಗಿಯಿತಲ್ಲ. ನೋಡಬೇಕಾದ್ದು ಅನುಕ್ರಮ. ಸರ್ವಜ್ಞ ಮೊದಲು ಅನ್ನ ಹೇಳುತ್ತಾನೆ. ನಿಜ ನುಡಿಯುವುದು ಅನ್ನದ ನಂತರ. ಪರರನ್ನು ತನ್ನಂತೆ ಬಗೆಯುವುದು ಕೊನೆಗೆ. ಮನಸ್ಸು ಮೊದಲು ತಿದ್ದಿಕೊಂಡು ಆಮೇಲೆ ಕೈ ಚಾಚು ಅನ್ನುವುದು ನಮ್ಮ ಉಪದೇಶಗಳ ದಾರಿ. ಅವನು ಕೈಯಿಂದ ಶುರು ಮಾಡಿ ಮನಸ್ಸಿಗೆ ಹೋಗುತ್ತಾನೆ. ಮನೆ ಮನೆ ಬೇಡಿ ಉಂಡವನಿಗೆ ಈ ಅನುಕ್ರಮ ಯಾರೂ ಕಲಿಸಬೇಕಿರಲಿಲ್ಲ.

ಲೆಂಟಿನಲ್ಲಿ ಓದುವ ಯೆಶಾಯನ 58ನೆಯ ಅಧ್ಯಾಯವನ್ನು ಈ ತ್ರಿಪದಿ ಓದಿದ ಮೇಲೆ ನೋಡ್ರಿ. ಅಲ್ಲಿ ಜನ ದೇವರ ಮೇಲೆ ತಕರಾರು ತೆಗೆಯುತ್ತಾರೆ, ನಾವು ಉಪವಾಸ ಮಾಡಿದೆವು, ನೀನು ಕಣ್ಣೆತ್ತಿ ನೋಡಲಿಲ್ಲ ಅಂತ. ಉಪವಾಸದ ದಿನವೇ ಆಳುಗಳಿಂದ ಬಿಗಿಯಾಗಿ ದುಡಿಸಿಕೊಳ್ಳುತ್ತೀರಲ್ಲ ಅಂತ ಪ್ರವಾದಿ ತಿರುಗಿ ಬೈಯುತ್ತಾನೆ. ತಲೆ ಬಗ್ಗಿಸಿ ಬೂದಿಯಲ್ಲಿ ಕೂಡುವುದಲ್ಲ ಉಪವಾಸ. ಹಸಿದವನ ಜೊತೆ ರೊಟ್ಟಿ ಹಂಚಿಕೋ, ಮನೆ ಇಲ್ಲದವನನ್ನು ಒಳಗೆ ಕರಕೋ, ಬೆಳಕು ಆಮೇಲೆ ಬರುತ್ತದೆ ಅನ್ನುತ್ತಾನೆ. ಅಲ್ಲಿಯೂ ರೊಟ್ಟಿ ಮೊದಲು, ಬೆಳಕು ಆಮೇಲೆ. ಮತ್ತಾಯನ 4ನೆಯ ಅಧ್ಯಾಯದಲ್ಲಿ ಯೇಸು 40 ದಿನ ಹಸಿದಿದ್ದಾಗ ಕಲ್ಲನ್ನು ರೊಟ್ಟಿ ಮಾಡಿಕೋ ಅಂದರೆ ಒಲ್ಲೆ ಅನ್ನುತ್ತಾನೆ. ಹದಿನಾಲ್ಕನೆಯ ಅಧ್ಯಾಯದಲ್ಲಿ ಐದು ಸಾವಿರ ಜನಕ್ಕೆ ಮುರಿದು ಕೊಡುತ್ತಾನೆ. ತನಗೆ ಬೇಡ ಅಂದದ್ದು ಮಂದಿಗೆ ಬೇಕು ಅಂದ. ಈ ಎರಡು ಅಧ್ಯಾಯವನ್ನು ಕೂಡಿಸಿ ಓದುವುದನ್ನು ನನಗೆ ಕಲಿಸಿದ್ದು ಯಾವ ವ್ಯಾಖ್ಯಾನವೂ ಅಲ್ಲ, ಅನ್ನ ಮೊದಲು ಅನ್ನುವ ಆ ತ್ರಿಪದಿ.

ನನ್ನ ಗೆಳೆಯರೊಬ್ಬರು ನಮ್ಮ ಜಿಲ್ಲೆಯಲ್ಲೇ ಸಣ್ಣ ಸಭೆ ನಡೆಸುತ್ತಾರೆ. ಲೆಂಟ್ ಶುರುವಿಗೆ ಮಾಂಸ ಬಿಡುವ ಬಗ್ಗೆ ಉಪದೇಶ ಮಾಡಿ ಹೊರಗೆ ಬಂದಾಗ ಒಬ್ಬ ಅಜ್ಜಿ ಹಿಡಿದು ಕೇಳಿದಳಂತೆ: "ಪಾಸ್ಟರ್ ಸರ್ರ, ಬಿಡಾಕ ನಮ್ಮನ್ಯಾಗ ಏನೈತ್ರೀ? ಕೂಲಿ ಇದ್ದ ದಿನ ಉಣ್ತೀವಿ, ಇಲ್ಲದ ದಿನ ನಮಗ ದಿನಾ ಲೆಂಟ." ಇವರು ನಕ್ಕು ಹೇಳಿದರು, ನನಗೆ ನಗು ಬರಲಿಲ್ಲ. ಬಿಡುವ ಉಪವಾಸ ಉಳ್ಳವರ ಉಪವಾಸ. ಕೂಲಿಯವರ ಸಭೆಗೆ ಅದನ್ನೇ ಹೇಳಿದರೆ ಮಾತು ಗಾಳಿಗೆ ಹೋಗುತ್ತದೆ. ನಮ್ಮ ಸೀಮೆಯ ಸಂತರಿಗೆ ಇದು ಗೊತ್ತಿತ್ತು. ಶಿಗ್ಗಾಂವಿ ತಾಲೂಕಿನ ಬಾಡದ ಕನಕದಾಸರು 'ರಾಮಧಾನ್ಯ ಚರಿತೆ'ಯಲ್ಲಿ ಅಕ್ಕಿಯ ಎದುರಿಗೆ ರಾಗಿಯನ್ನು ಗೆಲ್ಲಿಸಿದರು. ಯಾವ ಕಾಳು ಯಾರ ತಟ್ಟೆಯಲ್ಲಿ ಅನ್ನುವುದು ಅವರಿಗೆ ದೇವರ ವಿಷಯವೇ ಆಗಿತ್ತು.

ಭಾಷೆಯ ಬಗ್ಗೆಯೂ ಹೇಳಬೇಕು. ಜಾನ್ ಹ್ಯಾಂಡ್ಸ್ ಬಳ್ಳಾರಿಯಲ್ಲಿ ಕೂತು ದುಡಿದ ಫಲವಾಗಿ 1831ರ ಹೊತ್ತಿಗೆ ಇಡೀ ಬೈಬಲು ಕನ್ನಡಕ್ಕೆ ಬಂತು. ಆಮೇಲೆ ತಿದ್ದಿದವರು ಹಲವರು. ಆ ಕನ್ನಡಕ್ಕೆ ಅದರದೇ ಗಾಂಭೀರ್ಯ ಇದೆ, ನನಗೆ ಇಷ್ಟ. ತೊಂದರೆ ಇರುವುದು ಆ ಗಾಂಭೀರ್ಯವನ್ನು ಉಪದೇಶದಲ್ಲೂ ಅನುಕರಿಸುವಲ್ಲಿ. ಉದ್ದ ಉದ್ದ ವಾಕ್ಯ, ಕೊನೆಗೆ ಬರುವಷ್ಟರಲ್ಲಿ ಕರ್ತೃ ಯಾರೆಂದು ಮರೆತಿರುತ್ತದೆ. ಸರ್ವಜ್ಞನಿಗೆ ಮೂರು ಸಾಲು ಸಾಕು. ಬೀಸುವ ಕಲ್ಲಿನ ಮುಂದೆ ಹೆಂಗಸರು ಹಾಡಿಕೊಂಡು ಬಂದ ಮಟ್ಟು ಅದು, ಕೈ ತಿರುಗುವ ಲಯಕ್ಕೆ ಕೂತದ್ದು. ಭಾನುವಾರದ ಉಪದೇಶ ಸೋಮವಾರ ಯಾರಿಗೂ ನೆನಪಿರಲ್ಲ. ತ್ರಿಪದಿ ಎಮ್ಮೆ ಕಟ್ಟುವಾಗಲೂ ಬಾಯಿಗೆ ಬರುತ್ತದೆ. ಜನರಿಗೆ ಏನು ಉಳಿಯುತ್ತದೆ, ಏನು ಉದುರುತ್ತದೆ ಅಂತ ಪ್ರತಿ ವಾರ ಕಣ್ಣಾರೆ ನೋಡುವ ಸಭಾಪಾಲಕನಿಗೆ ಈ ರೂಪದ ಬೆಲೆ ಪಂಡಿತರಿಗಿಂತ ಬೇಗ ತಿಳಿದಿದ್ದರೆ ಆಶ್ಚರ್ಯ ಇಲ್ಲ.

ಹಾಗಂತ ಪುಸ್ತಕದ ಮೇಲೆ ನನಗೆ ತಕರಾರು ಇಲ್ಲ ಅಂತಲ್ಲ. ಪದ್ಯಗಳನ್ನು ವಿಷಯದ ಪ್ರಕಾರ ಜೋಡಿಸುವ ಕ್ರಮ ನೋಡ್ರಿ: ಗುರು, ದಾನ, ಜಾತಿ, ಹೀಗೆ. ಹುಡುಕುವವರಿಗೆ ಅನುಕೂಲ, ನಿಜ. ಆದರೆ ಅಲೆಮಾರಿ ಕವಿಯ ಮಾತು ಹಾಗೆ ಕಪಾಟಿನ ಖಾನೆಯಲ್ಲಿ ಕೂಡುವಂಥದಲ್ಲ. ಒಂದೂರಲ್ಲಿ ಅನ್ನ ಸಿಕ್ಕಿ ಹರಸಿದ, ಮುಂದಿನೂರಲ್ಲಿ ಸಿಗದೆ ಬೈದ. ಆ ಏರಿಳಿತ ಹೋಗಿ ಸರ್ವಜ್ಞ ನೀತಿಪಾಠದ ಮೇಷ್ಟ್ರು ಆಗಿಬಿಟ್ಟ. ಇಲ್ಲಿ ಮಾತ್ರ ಪಾದ್ರಿಯ ರೂಢಿ ಸಂಪಾದಕನ ಕೈ ಎಳೆದಿದೆ ಅನಿಸುತ್ತದೆ. ವಿಷಯಕ್ಕೊಂದು ವಾಕ್ಯ ಬೇಕು ಅನ್ನುವುದು ಉಪದೇಶ ತಯಾರು ಮಾಡುವವರ ಅಭ್ಯಾಸ. ಶಾಲೆಯ ಗೋಡೆಗಳ ಮೇಲೆ, ಫೆಬ್ರುವರಿ 20ರ ಸರ್ವಜ್ಞ ಜಯಂತಿಯ ಭಾಷಣಗಳಲ್ಲಿ ನಮಗೆ ಸಿಗುವುದು ಆ ಮೇಷ್ಟ್ರೇ.

ಇನ್ನೊಂದು, ಬೈಗುಳ. ಸರ್ವಜ್ಞನ ಹೆಸರಲ್ಲಿ ಹೆಣ್ಣನ್ನು, ಕೆಲವು ಜಾತಿಗಳನ್ನು ಹಳಿಯುವ ಪದ್ಯಗಳಿವೆ. ಎಲ್ಲವೂ ಅವನವೇ ಅಂತ ಹೇಳಲು ಬರೋದಿಲ್ಲ. ಅಂಕಿತ ಹಾಕಿದರೆ ಯಾರ ಪದ್ಯವಾದರೂ ಅವನದಾಗುತ್ತಿತ್ತು. ಜಯಂತಿಯಲ್ಲಿ ಇವನ್ನು ಯಾರೂ ಎತ್ತುವುದಿಲ್ಲ. ಇಗರ್ಜಿಯಲ್ಲಿಯೂ ಇದೇ ಕಥೆ. 137ನೆಯ ಕೀರ್ತನೆಯ ಶುರುವಿನ ಅಳು ಎಲ್ಲರಿಗೂ ಬೇಕು, ಕೊನೆಯ ಶಾಪ ಬೇಡ. ಲೆಂಟ್ ಅನ್ನುವುದು ತನ್ನ ಕೊಳೆ ತಾನು ನೋಡಿಕೊಳ್ಳುವ ಕಾಲ ಆದರೆ, ಗ್ರಂಥದ ಕೊಳೆಯನ್ನೂ ಆಗಲೇ ನೋಡಬೇಕಲ್ಲ? ಪಾದ ತೊಳೆಯುವ ಗುರುವಾರದಂದು, ಎಲ್ಲರೂ ನಡೆಯುವ ನೆಲ ಒಂದು, ಕುಡಿಯುವ ನೀರು ಒಂದು, ನಡುವೆ ಕುಲ ಎಲ್ಲಿಂದ ಬಂತು ಅಂತ ಕೇಳುವ ತ್ರಿಪದಿ ಓದಿದರೆ ಚೆಂದ. ಅದೇ ಅಂಕಿತದ ಜಾತಿನಿಂದೆಯ ಪದ್ಯವನ್ನೂ ಪಕ್ಕದಲ್ಲಿ ಇಟ್ಟರೆ ಸಭೆಯೊಳಗೆ ಯಾರು ಯಾರ ಪಕ್ಕ ಕೂಡುತ್ತಾರೆ, ಯಾರ ಮನೆಯ ಹೆಣ್ಣು ತರುತ್ತಾರೆ ಅನ್ನುವ ಮಾತು ತಾನಾಗಿ ಏಳುತ್ತದೆ.

ಇದೆಲ್ಲ ಈಗ ಸುಲಭ ಅಂತ ನಾನು ಅಂದುಕೊಂಡಿಲ್ಲ. ಇವತ್ತು ಒಬ್ಬ ಪಾದ್ರಿ ಹೆಗಲಿಗೆ ಚೀಲ ಹಾಕಿಕೊಂಡು ಮಾಸೂರಿನ ಕಟ್ಟೆಯ ಮೇಲೆ ಕೂತು 'ಅಜ್ಜಾರ, ಸರ್ವಜ್ಞನ ಪದ ಬರ್ತಾವೇನ್ರಿ' ಅಂದರೆ, ಪದಕ್ಕಿಂತ ಮೊದಲು ಆಧಾರ್ ಕಾರ್ಡು ಕೇಳುವವರು ಹುಟ್ಟಿಕೊಂಡಿದ್ದಾರೆ. ಮತಾಂತರದ ಕಾಯ್ದೆ ಬಂದ 2022ರಿಂದ ನನ್ನ ಗೆಳೆಯರು ಪರಿಚಯ ಇಲ್ಲದ ಊರಿಗೆ ಒಬ್ಬರೇ ಹೋಗುವುದನ್ನೇ ಬಿಟ್ಟಿದ್ದಾರೆ. ಬೇಡುವ ಪಾದ್ರಿಗೂ ಊರು ಬೇಕಲ್ಲ. ಈ ಕಡೆ ಸಭೆಯೊಳಗೂ ಕೆಲವರಿಗೆ ಶಿವನ ಹೆಸರು ಪೀಠದಿಂದ ಕೇಳುವುದು ಸೇರದು.

ಆದರೂ ಈ ಸಲ ಯೆಶಾಯನ 58ರ ಜೊತೆ ಅನ್ನದ ತ್ರಿಪದಿ ಓದುತ್ತೇನೆ ಅಂದಿದ್ದಾರೆ ಅವರು. ಅಜ್ಜಿಯ ಕಡೆಯಿಂದಲೇ ಓದಿಸುತ್ತಾರಂತೆ, ಆಕೆಗೆ ಬಾಯಿಪಾಠ ಇದೆ. ಬೈಗುಳದ ಪದ್ಯ ಯಾವಾಗ ಅಂತ ಕೇಳಿದೆ.

"ಅದಕ್ಕ ಇನ್ನೊಂದು ಲೆಂಟ್ ಬೇಕ್ರಿ" ಅಂದರು.