ಪಾತ್ರೆ ಯಾವಾಗ ವಾಪಸ್ ತರ್ತೀರಾ?

ಇಂಟರ್‌ವ್ಯೂ ತಗೊಳ್ಳೋಕೆ ಕೂತಾಗೆಲ್ಲ ನಾನು ಒಂದು ಪ್ರಶ್ನೆ ಕೇಳ್ತೀನಿ. "ಡೇಟಾಬೇಸ್ ಕ್ಲಾಸನ್ನು ಕನ್‌ಸ್ಟ್ರಕ್ಟರ್ ಮೂಲಕ ಇಂಜೆಕ್ಟ್ ಮಾಡೋದ್ಯಾಕೆ? ಬೇಕಾದ ಕಡೆ ನಾವೇ ಒಂದು ಹೊಸದು ಮಾಡ್ಕೊಂಡ್ರೆ ಆಗಲ್ವಾ?" ಉತ್ತರ ಹೆಚ್ಚುಕಮ್ಮಿ ಒಂದೇ: "ನಾಳೆ ಡೇಟಾಬೇಸ್ ಬದಲಾಯಿಸೋದು ಸುಲಭ ಆಗುತ್ತೆ ಸರ್."

ನಾನೂ ಇದನ್ನೇ ಹೇಳಿ ಕೆಲಸ ಗಿಟ್ಟಿಸಿದವನು. ಆದರೆ ಇಷ್ಟು ವರ್ಷದಲ್ಲಿ ಆ "ನಾಳೆ" ನನ್ನ ಪಾಲಿಗೆ ಬಂದಿದ್ದು ಒಂದೇ ಸಲ. ಎಸ್‌ಕ್ಯೂಎಲ್ ಸರ್ವರ್ ಬಿಟ್ಟು ಪೋಸ್ಟ್‌ಗ್ರೆಸ್‌ಗೆ ಹೋದಾಗ ನಮ್ಮನ್ನು ಅಳಿಸಿದ್ದು ಸ್ಟೋರ್ಡ್ ಪ್ರೊಸೀಜರ್‌ಗಳು, ದಿನಾಂಕದ ಲೆಕ್ಕಾಚಾರ, ಹೆಸರು ಹುಡುಕುವಾಗ ದೊಡ್ಡಕ್ಷರ ಸಣ್ಣಕ್ಷರದ ರಗಳೆ. ಸಾಲಾಗಿ ಬರೆದಿಟ್ಟಿದ್ದ ರೆಪಾಸಿಟರಿ ಇಂಟರ್‌ಫೇಸ್‌ಗಳು ಆ ಹೊತ್ತಿಗೆ ಕೈ ಹಿಡಿಯಲಿಲ್ಲ.

ಹಾಗಾದ್ರೆ ಈ ಉತ್ತರ ನಮ್ಮ ಬಾಯಿಗೆ ಬಂದಿದ್ದು ಹೇಗೆ? ಡಿಪೆಂಡೆನ್ಸಿ ಇಂಜೆಕ್ಷನ್ ಅನ್ನೋ ಹೆಸರನ್ನು ಎಲ್ಲರಿಗೂ ಪರಿಚಯಿಸಿದ್ದು 2004ರಲ್ಲಿ ಮಾರ್ಟಿನ್ ಫೌಲರ್ ಬರೆದ ಲೇಖನ. ಅದರಲ್ಲಿ ಒಬ್ಬ ನಿರ್ದೇಶಕನ ಸಿನಿಮಾಗಳನ್ನು ಹುಡುಕಿಕೊಡುವ ಒಂದು ಪುಟ್ಟ ಪ್ರೋಗ್ರಾಂ ಇದೆ. ಪಟ್ಟಿ ಇರೋದು ಒಂದು ಟೆಕ್ಸ್ಟ್ ಫೈಲಿನಲ್ಲಿ. ಬೇರೆಯವರ ಪಟ್ಟಿ ಡೇಟಾಬೇಸಿನಲ್ಲೋ ಎಕ್ಸ್‌ಎಂಎಲ್‌ನಲ್ಲೋ ಇದ್ದರೆ? ಹುಡುಕುವ ಭಾಗವನ್ನು ಹೊರಗಿನಿಂದ ಕೊಟ್ಟುಬಿಡಿ, ಆಗ ಯಾವುದನ್ನಾದರೂ ಜೋಡಿಸಬಹುದು ಅಂತಾರೆ ಫೌಲರ್. ಅಚ್ಚುಕಟ್ಟಾದ ಬರಹ, ಇವತ್ತಿಗೂ ಓದಬೇಕಾದದ್ದು. ಆದರೆ ಆ ಉದಾಹರಣೆ ಕೇಳೋದು "ಯಾವುದು?" ಅಂತ. "ಎಷ್ಟು ಹೊತ್ತು?" ಅಂತ ಕೇಳಲ್ಲ. ಟೆಕ್ಸ್ಟ್ ಫೈಲ್ ಓದುವವನಿಗೆ ಆ ಪ್ರಶ್ನೆ ಬೇಕಾಗಿಯೂ ಇಲ್ಲ. ಡೇಟಾಬೇಸ್ ಕನೆಕ್ಷನ್‌ಗೆ ಮಾತ್ರ ಅದೇ ಮೊದಲ ಪ್ರಶ್ನೆ. ನಾವು ಉದಾಹರಣೆಯನ್ನೇ ಪಾಠ ಅಂದ್ಕೊಂಡ್ವಿ.

ನಮ್ಮೂರಲ್ಲಿ ಮದುವೆಗೆ ಅಂತ ದೊಡ್ಡ ಪಾತ್ರೆ ಯಾರೂ ಕೊಳ್ಳುತ್ತಿರಲಿಲ್ಲ. ದೇವಸ್ಥಾನದ ಕೋಣೆಯಿಂದ ಕೊಪ್ಪರಿಗೆ, ಹಂಡೆ, ಸೌಟು ಎಣಿಸಿ ತರೋದು, ಪುಸ್ತಕದಲ್ಲಿ ಬರೆಸೋದು, ಮುಗಿದ ಮೇಲೆ ಬೆಳಗಿ ವಾಪಸ್ ಇಡೋದು. ಬೀಗದ ಕೈ ಇಟ್ಟುಕೊಂಡಿದ್ದ ಯಜಮಾನರು ಅಡುಗೆ ಏನು ಅಂತ ಯಾವತ್ತೂ ಕೇಳಿದವರಲ್ಲ. ಅವರ ಪ್ರಶ್ನೆ ಒಂದೇ: "ಯಾವಾಗ ವಾಪಸ್ ತರ್ತೀರಾ?" ಯಾಕಂದ್ರೆ ಒಂದು ಮನೆಯವರು ಇಟ್ಟುಕೊಂಡು ಕೂತರೆ ಮುಂದಿನ ಮನೆಯ ಮದುವೆ ಕೆಡುತ್ತೆ. ಕನೆಕ್ಷನ್ ಪೂಲ್ ಅಂದ್ರೂ ಇಷ್ಟೇ. ಎಸ್‌ಕ್ಯೂಎಲ್ ಸರ್ವರ್ ಜೊತೆ ಡಾಟ್ ನೆಟ್ ಬಳಸಿದರೆ, ನೀವು ಬೇರೇನೂ ಹೇಳದಿದ್ದಲ್ಲಿ, ಪೂಲ್‌ನಲ್ಲಿ ಹೆಚ್ಚೆಂದರೆ 100 ಕನೆಕ್ಷನ್. ನೂರನ್ನೂ ಯಾರೋ ಹಿಡ್ಕೊಂಡಿದ್ದರೆ ಮುಂದಿನವನು 15 ಸೆಕೆಂಡ್ ಕಾದು ಎರರ್ ತಗೊಂಡು ಹೋಗ್ತಾನೆ.

ಇದೆಲ್ಲ ನನಗೆ ಅರ್ಥ ಆಗಿದ್ದು ತಡವಾಗಿ. ಹಿಂದೆ ಕೆಲಸ ಮಾಡ್ತಿದ್ದ ಒಂದು ಕಡೆ ಶುಲ್ಕ ಕಟ್ಟಿಸಿಕೊಳ್ಳೋ ವೆಬ್ ಅಪ್ಲಿಕೇಶನ್ ನಮ್ಮದು, ಎಎಸ್‌ಪಿ ಡಾಟ್ ನೆಟ್ ಕೋರ್‌ನಲ್ಲಿ. ಆಫೀಸಿನವರು ಶುಲ್ಕದ ದರ ಬದಲಾಯಿಸಿದ್ರೂ ಗ್ರಾಹಕರಿಗೆ ಹಳೆ ದರವೇ ಕಾಣ್ತಿತ್ತು. ರೀಸ್ಟಾರ್ಟ್ ಮಾಡಿದ್ರೆ ಸರಿ. ಎರಡು ವಾರ ದಿನಾ ಬೆಳಿಗ್ಗೆ ರೀಸ್ಟಾರ್ಟ್ ಮಾಡೋದೇ ಔಷಧಿ ಆಯ್ತು. ತಲೆ ಕೆಡಿಸಿದ್ದು ಏನಂದ್ರೆ, ಲಾಗ್‌ನಲ್ಲಿ ನೋಡಿದ್ರೆ ಕ್ವೆರಿ ಡೇಟಾಬೇಸಿಗೆ ಹೋಗ್ತಾ ಇದೆ, ಅದೇ ಕ್ವೆರಿನ ಕೈಯಲ್ಲಿ ಓಡಿಸಿದ್ರೆ ಹೊಸ ದರ ಬರುತ್ತೆ, ಪರದೆ ಮೇಲೆ ಮಾತ್ರ ಹಳೇದು.

ಕಾರಣ ಒಂದು ಸಾಲು. ದರ ತಂದುಕೊಡುವ ಸರ್ವಿಸನ್ನು ಸಿಂಗಲ್ಟನ್ ಅಂತ ರಿಜಿಸ್ಟರ್ ಮಾಡಿದ್ವಿ, ಅಂದ್ರೆ ಅಪ್ಲಿಕೇಶನ್ ಇರೋವರೆಗೂ ಅದು ಒಂದೇ. ಅದರ ಕನ್‌ಸ್ಟ್ರಕ್ಟರ್ ಕೇಳಿದ್ದು ಡಿಬಿಕಾಂಟೆಕ್ಸ್ಟ್, ಒಂದು ರಿಕ್ವೆಸ್ಟಿನಷ್ಟೇ ಆಯಸ್ಸು ಇರಬೇಕಾದದ್ದು. ಒಳಗೆ ಸಿಕ್ಕಿಹಾಕಿಕೊಂಡ ಮೇಲೆ ಅದೂ ಚಿರಂಜೀವಿ. ಎಂಟಿಟಿ ಫ್ರೇಮ್‌ವರ್ಕ್ ಒಮ್ಮೆ ಓದಿದ ಸಾಲನ್ನು ನೆನಪಿಟ್ಟುಕೊಂಡಿರುತ್ತೆ. ಅದೇ ಸಾಲು ಮತ್ತೆ ಬಂದರೆ ಹೊಸ ಬೆಲೆ ಬದಿಗಿಟ್ಟು ತನ್ನ ಬಳಿ ಇರೋ ಹಳೆ ವಸ್ತುವನ್ನೇ ಕೊಡುತ್ತೆ. ಒಂದು ರಿಕ್ವೆಸ್ಟಿನ ಒಳಗೆ ಇದು ಒಳ್ಳೆ ಗುಣ. ಎರಡು ವಾರಕ್ಕೆ ಎಳೆದರೆ ಸುಳ್ಳು ಲೆಕ್ಕ.

ಈ ತಪ್ಪನ್ನು ಫ್ರೇಮ್‌ವರ್ಕ್ ತಾನೇ ಹಿಡಿಯಬಲ್ಲದು. ಆದರೆ ಆ ತಪಾಸಣೆ ತಾನಾಗಿ ಓಡೋದು ಎನ್ವಿರಾನ್‌ಮೆಂಟ್ ಹೆಸರು "ಡೆವಲಪ್‌ಮೆಂಟ್" ಅಂತ ಇದ್ದಾಗ ಮಾತ್ರ. ನಮ್ಮ ಲ್ಯಾಪ್‌ಟಾಪ್‌ಗಳಲ್ಲಿ ಯಾರೋ ಅದಕ್ಕೆ "ಲೋಕಲ್" ಅಂತ ಹೆಸರಿಟ್ಟಿದ್ದರು. ನಮ್ಮ ಯೂನಿಟ್ ಟೆಸ್ಟ್‌ಗಳೆಲ್ಲ ಪಾಸ್ ಆಗ್ತಿದ್ವು, ಯಾಕಂದ್ರೆ ಅಲ್ಲಿ ಇನ್‌ಮೆಮೊರಿ ಡೇಟಾಬೇಸ್. ಒಂದೊಂದು ಟೆಸ್ಟಿಗೂ ಹೊಸ ಕಾಂಟೆಕ್ಸ್ಟ್, ಅಲ್ಲಿ ಹಳೇದಾಗೋಕೆ ಟೈಮೇ ಇಲ್ಲ. ಅದು ಫಾರಿನ್ ಕೀಯನ್ನೂ ಪರೀಕ್ಷಿಸಲ್ಲ. ಟೆಸ್ಟಿಗೆ ಅದನ್ನು ಬಳಸಬೇಡಿ ಅಂತ ಮೈಕ್ರೋಸಾಫ್ಟೇ ಹೇಳುತ್ತೆ.

ಇಷ್ಟು ಬೈದರೂ ನಾನು ಹಳೆ ಪದ್ಧತಿಗೆ ವಾಪಸ್ ಹೋಗಲ್ಲ. ಪ್ರತಿ ಮೆಥಡ್ ತನ್ನದೇ ಕನೆಕ್ಷನ್ ತೆರೆಯುವ ಕೋಡಿನಲ್ಲಿ ಆರ್ಡರ್ ಉಳಿಯುತ್ತೆ, ಸ್ಟಾಕ್ ಕಡಿಮೆ ಆಗಲ್ಲ. ಸ್ಕೋಪ್ಡ್ ಇಂಜೆಕ್ಷನ್‌ನಲ್ಲಿ ಆರ್ಡರ್ ಸರ್ವಿಸ್‌ಗೂ ಸ್ಟಾಕ್ ಸರ್ವಿಸ್‌ಗೂ ಸಿಗೋದು ಒಂದೇ ಕಾಂಟೆಕ್ಸ್ಟ್. ಕೊನೆಗೆ ಒಂದೇ ಸಲ ಸೇವ್ ಮಾಡಿದ್ರೆ ಎರಡೂ ಉಳಿಯುತ್ತೆ, ಇಲ್ಲ ಎರಡೂ ಉಳಿಯಲ್ಲ. ರಿಕ್ವೆಸ್ಟ್ ಮುಗಿದಾಗ ಕಂಟೇನರ್ರೇ ಪಾತ್ರೆ ಬೆಳಗಿ ವಾಪಸ್ ಇಡುತ್ತೆ. ಡೇಟಾಬೇಸ್ ವಿಷಯದಲ್ಲಿ ಇಂಜೆಕ್ಷನ್‌ನ ನಿಜವಾದ ಲಾಭ ಇದು. ಆ ಇಂಟರ್‌ವ್ಯೂ ಉತ್ತರದಲ್ಲಿ ಇದರ ಸುದ್ದಿಯೇ ಇರಲ್ಲ.

ಹಾಗಾಗಿ ಈಗ ರಿವ್ಯೂ ಮಾಡುವಾಗ ನಾನು ಇಂಟರ್‌ಫೇಸ್ ಇದೆಯಾ ಅಂತ ನೋಡಲ್ಲ, ರಿಜಿಸ್ಟರ್ ಮಾಡಿದ ಸಾಲು ನೋಡ್ತೀನಿ. ಕೇಳಿಸಿಕೊಳ್ಳುವವನ ಆಯಸ್ಸು ಕೇಳುವವನಿಗಿಂತ ಕಡಿಮೆ ಇದ್ಯಾ? ಇದ್ದರೆ ಅಲ್ಲೇ ನಿಲ್ಲಿಸಿ. ದೀರ್ಘಕಾಲ ಓಡುವ ಕೆಲಸಕ್ಕೆ ಡಿಬಿಕಾಂಟೆಕ್ಸ್ಟ್ ಫ್ಯಾಕ್ಟರಿ ಕೊಡಿ, ಬೇಕಾದಾಗ ತಗೊಂಡು ಮುಗಿದಾಗ ಬಿಡಲಿ. ಸ್ಕೋಪ್ ತಪಾಸಣೆಯನ್ನು ಕನಿಷ್ಠ ಟೆಸ್ಟ್ ಓಡುವ ಕಡೆಯೆಲ್ಲ ಆನ್ ಮಾಡಿಡಿ.

ಆ ದರದ ಸರ್ವಿಸ್ ಬರೆದಿದ್ದು ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿದ್ದ ಹುಡುಗ. ಮೀಟಿಂಗ್‌ನಲ್ಲಿ ಎಲ್ಲರೂ ಅವನ ಕಡೆ ನೋಡಿದರು. ಅವನು ಮಾಡಿದ್ದು ನಮ್ಮ ಕೋಡಿಂಗ್ ನಿಯಮದ ಪ್ರಕಾರವೇ: ಎಲ್ಲವೂ ಕನ್‌ಸ್ಟ್ರಕ್ಟರ್ ಮೂಲಕ. ರಿವ್ಯೂ ಮಾಡಿ ಒಪ್ಪಿಗೆ ಒತ್ತಿದ್ದು ನಾನು. ಅದನ್ನು ಹೇಳೋಕೆ ನನಗೆ ಮೀಟಿಂಗ್ ಮುಗಿದು ಮಾರನೇ ದಿನದವರೆಗೆ ಬೇಕಾಯ್ತು. ಮ್ಯಾನೇಜರ್ ಹತ್ರ ಹೋಗಿ ಹೇಳಿದೆ, ಅವನ ಹತ್ರಾನೂ ಹೇಳಿದೆ. ಅವನು ನಕ್ಕು, "ಸರ್, ಎಲ್ಲಿಂದ ತರಬೇಕು ಅಂತ ಹೇಳಿಕೊಟ್ರಿ, ವಾಪಸ್ ಕೊಡಬೇಕು ಅಂತ ಯಾರೂ ಹೇಳಲಿಲ್ಲ" ಅಂದ.