ಕಡಮೆ ಅಂಕದವರ ಅರ್ಜಿ

ತೆಕ್ಕಲಕೋಟೆಯಿಂದ ಬಳ್ಳಾರಿಗೆ ಬಸ್ಸಿನಲ್ಲಿ ಓಡಾಡಿ ಇಂಜಿನಿಯರಿಂಗ್ ಪದವಿ ಮುಗಿಸಿ, ತರುವಾಯ ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಎಂ.ಎಸ್. ವ್ಯಾಸಂಗಕ್ಕೆಂದು ಅರ್ಜಿ ಹಾಕುವ ತರುಣರು ಈಗ ಸಿರುಗುಪ್ಪ ಸೀಮೆಯಲ್ಲಿಯೂ ಅಪರೂಪವಲ್ಲ. ಅವರಲ್ಲಿ ಪ್ರವೇಶಕ್ಕಾಗಿ ಬರೆಯುವ ಜಿಆರ್‌ಇ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದವನ ಅರ್ಜಿ ವಿಮರ್ಶಕನಿಗೆ ಅಷ್ಟಾಗಿ ಕೆಲಸ ಕೊಡುವುದಿಲ್ಲ. ಕಡಮೆ ಅಂಕ ಬಂದವನು ಅರ್ಜಿಯನ್ನು ಹೇಗೆ ರಚಿಸುತ್ತಾನೆಂಬುದೇ ವಿಚಾರಾರ್ಹವಾದುದು; ಏಕೆಂದರೆ ಆ ಅಂಕವನ್ನು ಮರೆಮಾಚುವ ಭರದಲ್ಲಿ ಅವನು ಸಾಮಾನ್ಯವಾಗಿ ತನ್ನನ್ನೇ ಮರೆಮಾಚಿಬಿಡುತ್ತಾನೆ.

ಕಾರ್ನೆಗಿ ಪ್ರತಿಷ್ಠಾನವು 1936ರಲ್ಲಿ ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಕೊಲಂಬಿಯಾಗಳೊಡನೆ ಸೇರಿ ಪ್ರಯೋಗಾರ್ಥವಾಗಿ ಆರಂಭಿಸಿದ ಈ ಪರೀಕ್ಷೆಯಲ್ಲಿ ಇಂದು ಭಾಷೆಗೂ ಗಣಿತಕ್ಕೂ ಪ್ರತ್ಯೇಕವಾಗಿ 130ರಿಂದ 170ರವರೆಗೆ, ಬರವಣಿಗೆಗೆ ಸೊನ್ನೆಯಿಂದ 6ರವರೆಗೆ ಅಂಕ ಕೊಡುತ್ತಾರೆ. ನಮ್ಮವರು ಮೊದಲಿನ ಎರಡನ್ನು ಕೂಡಿಸಿ ‘ಮುನ್ನೂರು ದಾಟಿತೇ’ ಎಂದು ಕೇಳುವರು. 340ಕ್ಕೆ 300 ಎಂದರೆ ಊರಿನಲ್ಲಿರುವ ತಂದೆಗೆ ಅದು ಪ್ರಥಮ ದರ್ಜೆಗಿಂತ ಮೇಲಾಗಿ ತೋರುವುದು ಸಹಜ. ಪ್ರತಿಯೊಂದು ಪ್ರಶ್ನೆಗೂ ತಪ್ಪು ಉತ್ತರ ಕೊಟ್ಟವನಿಗೂ 260ಕ್ಕೆ ಕಡಮೆ ಬಾರದೆಂಬುದನ್ನು ಅವರಿಗೆ ತಿಳಿಸಿದವರಾರು? ಪರೀಕ್ಷೆ ನಡೆಸುವ ಇಟಿಎಸ್ ಸಂಸ್ಥೆಯಾದರೋ ಈ ಅಂಕಗಳನ್ನು ಕೂಡಿಸಿ ಒಂದೇ ಸಂಖ್ಯೆಯಾಗಿ ನೋಡಬಾರದೆಂದೂ, ಕೇವಲ ಇವುಗಳ ಆಧಾರದ ಮೇಲೆ ಕಟ್-ಆಫ್ ಗೊತ್ತುಪಡಿಸಬಾರದೆಂದೂ ತಾನೇ ವಿಶ್ವವಿದ್ಯಾಲಯಗಳಿಗೆ ತಿಳಿಸಿದೆ. ಅಂಗಡಿಯವನೇ ಬೇಡವೆಂದ ತೂಕದಲ್ಲಿ ನಾವು ನಮ್ಮ ಮಕ್ಕಳನ್ನು ತೂಗುತ್ತಿದ್ದೇವೆ. ಪದಗಳ ವಿರೋಧ-ಸಾದೃಶ್ಯಗಳ ಪ್ರಶ್ನೆಗಳನ್ನು 2011ರಲ್ಲಿಯೇ ಕೈಬಿಟ್ಟಿದ್ದರೂ ಬ್ಯಾರನ್ಸ್ ಪದಪಟ್ಟಿಯನ್ನು ಉರುಹೊಡೆಯಿಸುವ ಕೋಚಿಂಗ್ ಕ್ಲಾಸುಗಳು ಇನ್ನೂ ನಿಂತಿಲ್ಲ.

ಹಾಗಾದರೆ ಪರೀಕ್ಷೆಯೇ ನಿರರ್ಥಕವೇ? ಕೇಸಿ ಮಿಲ್ಲರ್ ಮತ್ತು ಕೀವನ್ ಸ್ಟಾಸನ್ ಎಂಬ ಭೌತವಿಜ್ಞಾನಿಗಳು 2014ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ, ಈ ಅಂಕವು ಸಂಶೋಧನೆಯ ಯಶಸ್ಸನ್ನು ಸರಿಯಾಗಿ ಮುನ್ಸೂಚಿಸದೆ ಸ್ತ್ರೀಯರನ್ನೂ ಅಲ್ಪಸಂಖ್ಯಾತ ಸಮುದಾಯದವರನ್ನೂ ಹೊರಗಿಡುತ್ತದೆಂದು ವಾದಿಸಿದರು. ಕೋವಿಡ್ ಬಂದ 2020ರ ತರುವಾಯ ಅನೇಕ ವಿಭಾಗಗಳು ಪರೀಕ್ಷೆಯನ್ನೇ ಕೈಬಿಟ್ಟವು. ನಮ್ಮಲ್ಲಿ ಇದನ್ನು ವರವೆಂದು ಸ್ವಾಗತಿಸಿದವರು ಬಹಳ. ನನಗೆ ಅಷ್ಟು ಉತ್ಸಾಹವಿಲ್ಲ. ಸಂಖ್ಯೆ ಹೋದೆಡೆ ಕಾಲೇಜಿನ ಹೆಸರು ಬಂದು ಕುಳಿತುಕೊಳ್ಳುತ್ತದೆ. ಐಐಟಿಯ ಮುದ್ರೆಯಿದ್ದವನಿಗೆ ಜಿಆರ್‌ಇ ಇಲ್ಲದಿದ್ದರೂ ನಡೆಯುವುದು, ಬಳ್ಳಾರಿಯ ಕಾಲೇಜಿನಿಂದ ಬಂದವನಿಗೆ ಗಣಿತದಲ್ಲಿ 168 ಬಂದಿದೆಯೆಂಬ ಒಂದು ಮಾತೇ ಪ್ರವೇಶ ಸಮಿತಿಯವರ ಕಣ್ಣು ತನ್ನ ಕಡೆ ತಿರುಗುವಂತೆ ಮಾಡಬಲ್ಲುದು. ಪದವಿ ತರಗತಿಗಳ ಪ್ರವೇಶಕ್ಕೆ ಎಂಐಟಿಯು 2022ರಲ್ಲಿ ಎಸ್‌ಎಟಿ ಪರೀಕ್ಷೆಯನ್ನು ಮರಳಿ ಕಡ್ಡಾಯಗೊಳಿಸಿದಾಗ ಕೊಟ್ಟ ಕಾರಣಗಳಲ್ಲಿ ಇದೂ ಒಂದು: ಅನುಕೂಲವಿಲ್ಲದ ಶಾಲೆಗಳ ಸಮರ್ಥರನ್ನು ಗುರುತಿಸಲು ಅದು ನೆರವಾಗುತ್ತದೆ. ಆದಕಾರಣ ಗಣಿತದ ಅಂಕ ಕುಸಿದಿರತಕ್ಕವನು, ಕೇಳುವುದು ಹೈಸ್ಕೂಲು ಮಟ್ಟದ ಗಣಿತವೇ ಆದುದರಿಂದ, 20,000 ರೂಪಾಯಿಗೂ ಮಿಕ್ಕ ಶುಲ್ಕ ಭಾರವೆನಿಸಿದರೂ ಒಮ್ಮೆ ಮರಳಿ ಬರೆಯುವುದು ಯುಕ್ತ. 21 ದಿನಗಳ ಅಂತರವಿಟ್ಟು ಬರೆದು, ಉತ್ತಮವಾದ ಅಂಕವನ್ನಷ್ಟೇ ಕಳುಹಿಸಲು ಅವಕಾಶವಿದೆ. ಭಾಷೆಯ ಅಂಕ ಕುಸಿದವನದು ಬೇರೆ ಮಾತು. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವನ 145 ಅವನ ಬುದ್ಧಿಯ ಅಳತೆಯಲ್ಲ.

ಈ ಅರ್ಜಿಗಳ ಹೃದಯವೆನ್ನಬಹುದಾದ ಎಸ್‌ಒಪಿ ಎಂಬ ಉದ್ದೇಶಪತ್ರಕ್ಕೆ ಬರೋಣ. ಈ ಸೀಮೆಯ ಸಿವಿಲ್ ವಿದ್ಯಾರ್ಥಿಯೊಬ್ಬ ತಿದ್ದಿಕೊಡಿರೆಂದು ತಂದ ಕರಡಿನಲ್ಲಿ ಮೊದಲ ವಾಕ್ಯ ಬಾಲ್ಯದಿಂದಲೂ ತನಗಿದ್ದ ತೀರದ ಕುತೂಹಲವನ್ನು ಕುರಿತದ್ದು. ಎರಡನೆಯದು ವಿಶ್ವೇಶ್ವರಯ್ಯನವರ ಸ್ಮರಣೆ. ಮೂರನೆಯ ಖಂಡದಲ್ಲಿ ಪರೀಕ್ಷೆಯ ದಿನ ಜ್ವರವಿತ್ತೆಂಬ ಕ್ಷಮಾಯಾಚನೆ. ಊರಿನ ಹೆಸರಿರಬೇಕಾದಲ್ಲಿ ‘ದಕ್ಷಿಣ ಭಾರತದ ಒಂದು ಸಣ್ಣ ಪಟ್ಟಣ’. ವಿದೇಶ ವ್ಯಾಸಂಗದ ಕನ್ಸಲ್ಟೆನ್ಸಿಯ ಮಾದರಿ ಪ್ರತಿಯ ಎರಕ ಅದರಲ್ಲಿ ಸ್ಪಷ್ಟವಾಗಿತ್ತು. ಆದರೆ ರೆಸ್ಯೂಮಿನ ಕೊನೆಯಲ್ಲಿ ಒಂದೇ ಸಾಲಿನಲ್ಲಿ, ಅಂತಿಮ ವರ್ಷದ ಪ್ರಾಜೆಕ್ಟಿಗಾಗಿ ತುಂಗಭದ್ರಾ ಕಾಲುವೆಯ ಕೊನೆಯಂಚಿನ ಗದ್ದೆಗಳ ಮಣ್ಣಿನಲ್ಲಿ ಲವಣಾಂಶ ಅಳೆದುದು ನಮೂದಾಗಿತ್ತು. ವಿಚಾರಿಸಿದರೆ ಹುಡುಗ ನಿರರ್ಗಳವಾಗಿ ಹೇಳತೊಡಗಿದ: ಬತ್ತ ನಾಟಿಗೆ ಮುನ್ನವೂ ಕೊಯ್ಲಾದ ಮೇಲೂ ಅಡಿಯಷ್ಟು ಆಳದಿಂದ ಮಣ್ಣು ತೆಗೆದದ್ದು, ಲವಣಾಂಶ ಅಳೆಯಲು ಇ.ಸಿ. ಮೀಟರನ್ನು ಕಾಲೇಜಿನಿಂದ ಕಾಡಿ ಬೇಡಿ ತಂದದ್ದು, ಹೂಳು ತುಂಬಿದ ಬಸಿಗಾಲುವೆಯ ಪಕ್ಕದ ಹೊಲದಲ್ಲಿಯೇ ಸವಳು ಹೆಚ್ಚಾಗಿ ಕಂಡದ್ದು, ಹೂಳೆತ್ತಿದರೆ ಎಷ್ಟು ಇಳಿದೀತೆಂಬ ಪ್ರಶ್ನೆ ಉತ್ತರವಿಲ್ಲದೆ ಉಳಿದದ್ದು. ಮಿತ ನೀರಿನ ಬೆಳೆಗಳಿಗೆಂದು ಯೋಜಿಸಿದ ನೀರಾವರಿಯಲ್ಲಿ, ಕಪ್ಪು ನೆಲದ ಮೇಲೆ, ಬತ್ತ ಬೆಳೆದುದರ ಫಲವಾಗಿ ನಮ್ಮ ಸೀಮೆಯಲ್ಲಿ ಜವಳು ಸವಳುಗಳು ಹರಡಿದುದು ಜಲಶಾಸ್ತ್ರದ ಯಾವ ಪ್ರಾಧ್ಯಾಪಕನಿಗೂ ಆಸಕ್ತಿಯ ವಿಷಯ. ಇಂಥ ಒಂದು ಪ್ರಶ್ನೆಯನ್ನು ಕೈಯಲ್ಲಿ ಹಿಡಿದವನು ಜ್ವರದ ಕಥೆಯನ್ನೇಕೆ ಹೇಳಬೇಕು?

ಊರಿನ ಹೆಸರನ್ನು ಅಡಗಿಸಿಡುವ ಅಂಜಿಕೆಯಂತೂ ಕೇವಲ ಅಜ್ಞಾನಮೂಲವಾದುದು. ತೆಕ್ಕಲಕೋಟೆಯ ಹೆಸರನ್ನೇ ತೆಗೆದುಕೊಳ್ಳಿ: ಪುಣೆಯ ಡೆಕ್ಕನ್ ಕಾಲೇಜಿನ ಎಂ.ಎಸ್. ನಾಗರಾಜರಾಯರು ತೆಕ್ಕಲಕೋಟೆಯ ಬೆಟ್ಟಗಳಲ್ಲಿ 1963-64ರಲ್ಲಿ ಉತ್ಖನನ ನಡೆಸಿ ನವಶಿಲಾಯುಗದ ಜನವಸತಿಯನ್ನು ಬೆಳಕಿಗೆ ತಂದು, ಕೆ.ಸಿ. ಮಲ್ಹೋತ್ರಾ ಅವರೊಡನೆ 1965ರಲ್ಲಿ ವರದಿಯನ್ನು ಪ್ರಕಟಿಸಿದಂದಿನಿಂದ ದಕ್ಷಿಣ ಭಾರತದ ಪ್ರಾಗಿತಿಹಾಸವನ್ನು ಓದುವವರಿಗೆ ಈ ಹೆಸರು ಪರಿಚಿತವಾಗಿದೆ. ಅದನ್ನು ಅರಿಯದವರು ನಾವೇ.

‘ಸೇಫ್’, ‘ಮಾಡರೇಟ್’, ‘ಆಂಬಿಶಿಯಸ್’ ಎಂದು ವಿಶ್ವವಿದ್ಯಾಲಯಗಳನ್ನು ಮೂರು ವರ್ಗ ಮಾಡಿ ಅರ್ಜಿ ಹಾಕುವ ಪಟ್ಟಿಯ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಎಷ್ಟೇ ಕಡಮೆ ಅಂಕಕ್ಕೂ ಅಡ್ಮಿಟ್ ಕೊಡುವ ಕಾಲೇಜು ಬಯಸುವುದು ಶುಲ್ಕವನ್ನೇ ಹೊರತು ಶಿಷ್ಯನನ್ನಲ್ಲ, ಮತ್ತು ಆ ಶುಲ್ಕದ ಸಾಲಕ್ಕೆ ಅಡವಾಗುವುದು ಮನೆಯೋ ನಿವೇಶನವೋ ಆಗಿರುತ್ತದೆ.

ಎಲ್ಲಕ್ಕಿಂತ ದೋಷಯುಕ್ತವಾದ ಪದ್ಧತಿಯೆಂದರೆ ಎಲ್‌ಒಆರ್, ಅರ್ಥಾತ್ ಶಿಫಾರಸು ಪತ್ರದ್ದು. ವಿದ್ಯಾರ್ಥಿಯೇ ತನ್ನ ಗುಣಗಾನವನ್ನು ಬರೆದುಕೊಂಡು ಬರುವುದು, ಅಧ್ಯಾಪಕರು ಓದದೆ ರುಜು ಹಾಕುವುದು ನಮ್ಮಲ್ಲಿ ಸರ್ವತ್ರ ರೂಢಿಯಾಗಿದೆ. ಒಂದೇ ಕೈಯ ಇಂಗ್ಲಿಷು ಉದ್ದೇಶಪತ್ರದಲ್ಲಿಯೂ ಮೂರು ಶಿಫಾರಸುಗಳಲ್ಲಿಯೂ ಕಂಡಾಗ ಪ್ರವೇಶ ಸಮಿತಿಯವರು ಯಾವುದನ್ನೂ ನಂಬುವುದಿಲ್ಲ. ಅಂಕ ಹೆಚ್ಚಿದ್ದವನು ಅದರಿಂದ ಪಾರಾದಾನು, ಕಡಮೆಯಿದ್ದವನಿಗೆ ಇದ್ದ ಒಂದೇ ಸಾಕ್ಷಿಯೂ ಬಿದ್ದುಹೋಗುವುದು. ‘ಈತ ಶ್ರಮಶೀಲ, ಸದ್ವರ್ತನೆಯುಳ್ಳವನು’ ಎಂಬುದಕ್ಕಿಂತ ‘ಬೇಸಿಗೆಯ ಬಿಸಿಲಿನಲ್ಲಿ ತಾನೇ ಗದ್ದೆಗಿಳಿದು ಮಣ್ಣು ತಂದ, ಮೊದಲಿನ ಅಳತೆಗಳು ತಪ್ಪಾದವೆಂದು ತಾನೇ ಕಂಡುಕೊಂಡು ಮರಳಿ ಅಳೆದ’ ಎಂಬ ಎರಡು ವಾಕ್ಯ, ಇಂಗ್ಲಿಷು ಒರಟಾಗಿದ್ದರೂ ಸರಿ, ಹೆಚ್ಚು ಬೆಲೆಯುಳ್ಳದ್ದು, ಮತ್ತು ಅದನ್ನು ಬರೆಯಬಲ್ಲವರು ಕಂಡ ಅಧ್ಯಾಪಕರು ಮಾತ್ರ. ಬಹುಪಾಲು ಅರ್ಜಿಗಳ ಗಡುವು ಡಿಸೆಂಬರ್-ಜನವರಿಗಳಲ್ಲಿ ಬೀಳುತ್ತದೆ. ಬಳ್ಳಾರಿ, ಹೊಸಪೇಟೆಗಳ ಕಾಲೇಜುಗಳ ಅಧ್ಯಾಪಕರು ಈ ಸಾಲಿನಿಂದಲಾದರೂ ಶಿಫಾರಸು ಪತ್ರವನ್ನು ಸ್ವತಃ ಬರೆಯಬೇಕೆಂದು, ಬರೆಯಲು ಸಂಗತಿಯಿಲ್ಲದಿದ್ದರೆ ರುಜು ಹಾಕಲು ಒಲ್ಲೆನೆನ್ನಬೇಕೆಂದು ಕೇಳಿಕೊಳ್ಳುತ್ತೇನೆ.