ಸದ್ದಡಗಿದರೆ ಸಾಲದು

ಗೊರಕೆಗೆ ಮದ್ದು ಹುಡುಕುವವರು ಸಾಮಾನ್ಯವಾಗಿ ಗೊರಕೆ ಹೊಡೆಯುವವರಲ್ಲ, ಪಕ್ಕದಲ್ಲಿ ನಿದ್ದೆಗೆಟ್ಟು ಹೊರಳಾಡುವವರು. ಅದಕ್ಕೇ ಅಂಗಡಿಗೆ ಬರುವ ಮದ್ದುಗಳೆಲ್ಲ ಅವರ ಕಿವಿಯನ್ನು ಓಲೈಸುತ್ತವೆ: ಮೂಗಿನ ಕ್ಲಿಪ್ಪು, ಗದ್ದಕ್ಕೆ ಕಟ್ಟುವ ಬೆಲ್ಟು, ಈಚೆಗೆ ಬಾಯಿಗೆ ಅಂಟಿಸುವ ಟೇಪು. ಸದ್ದು ನಿಂತಿತೋ ಇಲ್ಲವೋ ಎಂಬುದೊಂದೇ ಇವುಗಳಿಗೆ ನಾವಿಡುವ ಪರೀಕ್ಷೆ. ಆ ಪರೀಕ್ಷೆಯ ಬಗ್ಗೆಯೇ ನನ್ನ ತಕರಾರು.

ಎಲ್ಲ ಗೊರಕೆಯೂ ರೋಗವಲ್ಲ. ನೆಗಡಿಯಾದಾಗ, ಕುಡಿದು ಮಲಗಿದಾಗ, ಅಂಗಾತ ಬಿದ್ದುಕೊಂಡಾಗ ಯಾರಿಗಾದರೂ ಬಂದೀತು. ಮಗ್ಗುಲು ಬದಲಿಸಿದರೆ ಎಷ್ಟೋ ಜನಕ್ಕೆ ಹೋಗುತ್ತದೆ. ಆದರೆ ಕೆಲವರ ಗೊರಕೆ ಏರುತ್ತ ಏರುತ್ತ ಥಟ್ಟನೆ ನಿಂತುಬಿಡುತ್ತದೆ. ಆಗ ಅವರ ಎದೆ ನೋಡಿ: ಏರಿಳಿಯುತ್ತಲೇ ಇರುತ್ತದೆ, ಗಾಳಿ ಮಾತ್ರ ಒಳಗೆ ಹೋಗುತ್ತಿರುವುದಿಲ್ಲ. ಸಡಿಲಗೊಂಡ ನಾಲಿಗೆಯ ಬುಡವೂ ಮೆದು ಅಂಗುಳವೂ ಹಿಂದಕ್ಕೆ ಕುಸಿದು ಗಂಟಲು ಮುಚ್ಚಿರುತ್ತದೆ. ಹತ್ತು ಸೆಕೆಂಡು, ಕೆಲವೊಮ್ಮೆ ಅರ್ಧ ನಿಮಿಷ. ರಕ್ತದಲ್ಲಿ ಆಮ್ಲಜನಕ ಇಳಿದು ಮಿದುಳು ತಟ್ಟಿ ಎಬ್ಬಿಸಿದಾಗ ದೊಡ್ಡ ಸದ್ದಿನೊಂದಿಗೆ ಉಸಿರು ಮರಳುತ್ತದೆ. ಹೀಗೆ ಉಸಿರು ನಿಲ್ಲುವುದೋ ಕ್ಷೀಣಿಸುವುದೋ ಗಂಟೆಗೆ 30 ಸಲ ಮುಟ್ಟಿದರೆ ತೀವ್ರ ಸ್ಲೀಪ್ ಆಪ್ನಿಯಾ. ಬೆಳಿಗ್ಗೆ ತಲೆನೋವು, ಮಾತ್ರೆಗೆ ಬಗ್ಗದ ಬಿಪಿ, ಸ್ಟೀರಿಂಗ್ ಹಿಡಿದಲ್ಲೇ ತೂಕಡಿಕೆ ಇದರ ಫಲ. 2022ರಲ್ಲಿ ಸಂಗೀತ ನಿರ್ದೇಶಕ ಬಪ್ಪಿ ಲಹರಿ ತೀರಿಕೊಂಡಾಗ ವೈದ್ಯರು ಹೇಳಿದ ಕಾರಣವೂ ಇದೇ. ಅಂಥವರನ್ನು ನಾವು ‘ಎಷ್ಟು ಒಳ್ಳೆ ನಿದ್ದೆ’ ಎಂದು ಹೊಗಳುತ್ತೇವೆ!

1981ರಲ್ಲಿ ಎರಡು ಚಿಕಿತ್ಸೆಗಳು ವೈದ್ಯಪತ್ರಿಕೆಗಳಲ್ಲಿ ಪ್ರಕಟವಾದವು. ಅಮೆರಿಕದ ಡೆಟ್ರಾಯಿಟ್‌ನಲ್ಲಿ ಫುಜಿಟಾ ಮತ್ತು ಸಂಗಡಿಗರು ಕಿರುನಾಲಿಗೆಯನ್ನೂ ಅಂಗುಳದ ಅಂಚನ್ನೂ ಕತ್ತರಿಸಿ ದಾರಿ ಅಗಲಿಸಿದರು. ಸಿಡ್ನಿಯಲ್ಲಿ ಕಾಲಿನ್ ಸಲಿವನ್ ಏನನ್ನೂ ಕತ್ತರಿಸಲಿಲ್ಲ. ಮೂಗಿನ ಮಾಸ್ಕಿನ ಮೂಲಕ ಗಾಳಿ ಒತ್ತಿ ಗಂಟಲು ಕುಸಿಯದಂತೆ ತಡೆದರು. ಅದೇ ಇಂದಿನ ಸಿಪ್ಯಾಪ್ ಯಂತ್ರ. ಅಲ್ಲಿಯವರೆಗೆ ತೀವ್ರ ರೋಗಿಗಳಿಗೆ ಉಳಿದಿದ್ದ ಗಟ್ಟಿ ದಾರಿಯೆಂದರೆ ಕುತ್ತಿಗೆಗೆ ತೂತು ಕೊರೆಯುವುದು.

ಶಸ್ತ್ರಚಿಕಿತ್ಸೆ ಕೆಲವರಿಗೆ ನಿಜಕ್ಕೂ ಒದಗುತ್ತದೆ, ಅದರಲ್ಲೂ ಟಾನ್ಸಿಲ್ ದೊಡ್ಡದಿದ್ದವರಿಗೆ. ಆದರೆ ಅದುರುತ್ತಿದ್ದ ಅಂಗುಳ ಹೋದ ಮೇಲೂ ನಾಲಿಗೆಯ ಬುಡ ಹಿಂದೆ ಜಾರುತ್ತಲೇ ಇರಬಹುದು. ಮನೆಯವರು ನೆಮ್ಮದಿಯಾಗಿ ಮಲಗುತ್ತಾರೆ. ರೋಗಿಯ ಉಸಿರು ಸದ್ದಿಲ್ಲದೆ ನಿಲ್ಲುತ್ತಿರುತ್ತದೆ. ಆಪರೇಷನ್ ಆದ ಮೇಲೂ ನಿದ್ದೆಯ ಪರೀಕ್ಷೆ ಮಾಡಿಸಬೇಕೆಂದು ನಾನು ಪಟ್ಟು ಹಿಡಿಯುವುದು ಅದಕ್ಕೇ. ಮೂಗು ಕಟ್ಟಿದವರ ಬಾಯಿಗೆ ಟೇಪು ಹಚ್ಚುವುದಂತೂ ಇದ್ದೊಂದು ದಾರಿಯನ್ನೂ ಮುಚ್ಚಿದಂತೆ.

ಸಿಪ್ಯಾಪ್ ಉಸಿರನ್ನೇ ಕಾಯುತ್ತದೆ, ಹಾಗಾಗಿ ನನ್ನ ಮತ ಅದಕ್ಕೆ. ಕೊರತೆಗಳೂ ಸಣ್ಣವಲ್ಲ: ಹತ್ತಾರು ಸಾವಿರ ರೂಪಾಯಿ, ಒಣಗುವ ಮೂಗು, ಕರೆಂಟು ಹೋದರೆ ನಿಲ್ಲುವ ಗಾಳಿ. ಮಾಸ್ಕಿನ ಅಳತೆ ಸರಿಯಿಲ್ಲದೆ ಎಷ್ಟೋ ಜನ ಅದನ್ನು ಕಪಾಟಿಗೆ ಸೇರಿಸುತ್ತಾರೆ. ಮಾರಿದವರು ಆಮೇಲೆ ವಿಚಾರಿಸುವುದು ಅಪರೂಪ. ತೂಕ ಇಳಿದರೆ ಬಹಳ ಜನಕ್ಕೆ ಬಾಧೆ ತಗ್ಗುತ್ತದೆ, ಆದರೆ ಗದ್ದ ಹಿಂದಕ್ಕಿರುವ ತೆಳ್ಳಗಿನವರಿಗೂ ಈ ರೋಗ ಬರುತ್ತದೆ.

ಹೆಚ್ಚು ಅನ್ಯಾಯವಾಗುತ್ತಿರುವುದು ಮುಟ್ಟು ನಿಂತ ಹೆಂಗಸರಿಗೆ. ಅವರು ಗೊರಕೆಯ ಮಾತೆತ್ತುವುದಿಲ್ಲ. ಸುಸ್ತು, ನಿದ್ದೆ ಬರೋಲ್ಲ ಎನ್ನುತ್ತಾರೆ. ಕೈಗೆ ನಿದ್ದೆಮಾತ್ರೆಯ ಚೀಟಿ ಬರುತ್ತದೆ. ಆ ಮಾತ್ರೆಗಳಲ್ಲಿ ಕೆಲವು ಗಂಟಲಿನ ಸ್ನಾಯುಗಳನ್ನು ಇನ್ನಷ್ಟು ಸಡಿಲಿಸುತ್ತವೆ.